ಮೇಡಮ್ ಕಾರಿಗೆ ಜಾಲರಿ ಕೂರಿಸಿದ್ದು

ಹುಣಸೂರು ಬೈಪಾಸ್ ರಸ್ತೆಯಲ್ಲಿ ಗಾಡಿ ಸಿಂಗಾರದ ಅಂಗಡಿ ಇಟ್ಟುಕೊಂಡವನಿಗೆ ನಗುವಿಗೇನೂ ಬರವಿಲ್ಲ. ಬರ ಇರೋದು ನೆಮ್ಮದಿಗೆ. ಸೀಟ್ ಕವರ್, ಮಡ್‌ಫ್ಲಾಪ್, ಸ್ಟಿಕ್ಕರ್, ಹಾರ್ನ್, ಹೀಗೆ ಗಾಡಿ ಓಡುವುದಕ್ಕೆ ಬೇಕಾಗದ ಸಾಮಾನೆಲ್ಲ ನನ್ನಲ್ಲಿ ಸಿಗುತ್ತದೆ. ಪಿರಿಯಾಪಟ್ಟಣದ ಕಡೆಯ ರೈತರೊಬ್ಬರು ಟ್ರ್ಯಾಕ್ಟರಿಗೆ ಹಾರ್ನ್ ಮೇಲೆ ಹಾರ್ನ್ ಹಾಕಿಸಿಕೊಂಡರು. "ಯಜಮಾನ್ರೇ, ಬ್ರೇಕೇ ಹಿಡೀತಾ ಇಲ್ವಲ್ಲ, ಮೊದ್ಲು ಅದನ್ನ ನೋಡ್ಸಿ" ಅಂದೆ. "ಅದುಕ್ಕೇ ಕಣಪ್ಪ ಹಾರ್ನು" ಅಂದರು. ಎಚ್.ಡಿ. ಕೋಟೆಯ ಒಬ್ಬರು ಜೀಪಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸು, ಇನ್ನೂ ಕಪ್ಪು, ಇನ್ನೂ ಕಪ್ಪು ಅಂತ ಹಟ ಹಿಡಿದು ಅಂಟಿಸಿಕೊಂಡು ಹೋದರು. ಅವತ್ತು ಸಂಜೆ ಅವರ ಮನೆ ಅವರಿಗೇ ಕಾಣದೆ ಮುಂದಿನ ಊರಿಗೆ ಹೋಗಿ, ಅಲ್ಲಿಂದ ನನಗೆ ಫೋನ್ ಮಾಡಿ ಬೈದರು.

ಇವೆಲ್ಲ ಬೈಗುಳದಲ್ಲಿ ಮುಗಿದವು. ಬೈಗುಳ ನನಗೆ ಒಗ್ಗಿಹೋಗಿದೆ. ಆದರೆ ಮೇಡಮ್ಮಿನ ಕೆಂಪು ಸ್ಪೋರ್ಟ್ಸ್ ಕಾರಿಗೆ ಜಾಲರಿ ಕೂರಿಸಿದ ದಿನ ನೆನಪಾದರೆ ನನಗೆ ಈಗಲೂ ನಗು ಬರುವುದಿಲ್ಲ. ಊರಿನವರು ಮಾತ್ರ ಅದನ್ನು ನೆನೆಸಿಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅವರ ಭಾಮೈದ ಆಗಿದ್ದರೆ ಗೊತ್ತಾಗುತ್ತಿತ್ತು.

ಹೌದು, ಎಲ್ಲಕ್ಕೂ ಮೂಲ ನನ್ನ ಭಾಮೈದ. ನನ್ನ ಹೆಂಡತಿಯ ಒಬ್ಬನೇ ತಮ್ಮ. ಹಾರನಹಳ್ಳಿ ಕಡೆಯವನು. ಕೆಲಸ ಹುಡುಕುತ್ತೇನೆ ಅಂತ ನಮ್ಮ ಮನೆಗೆ ಬಂದವನು ಸೋಫಾದ ಮೇಲೆ ಕೂತು ಹುಡುಕುತ್ತಲೇ ಇದ್ದ. ಸೋಫಾ ಅವನ ಆಕಾರಕ್ಕೆ ತಗ್ಗಿತು. ಕೊನೆಗೆ ದೇವರು ಕಣ್ಣುಬಿಟ್ಟು, ವೀರನಹೊಸಹಳ್ಳಿ ಹತ್ತಿರದ ಒಂದು ರೆಸಾರ್ಟಿನಲ್ಲಿ ಡ್ರೈವರ್ ಕೆಲಸ ಸಿಕ್ಕಿತು. ಮಾಲೀಕರು ಬೆಂಗಳೂರಿನ ಒಬ್ಬ ಮೇಡಮ್. ವಯಸ್ಸು ಅರವತ್ತರ ಮೇಲೆ. ಸ್ಪೋರ್ಟ್ಸ್ ಕಾರು ಓಡಿಸುವುದೆಂದರೆ ಪ್ರಾಣ. ಅವರಿಲ್ಲದಾಗ ಆ ಕಾರು ತೊಳೆದು, ಒರೆಸಿ, ಹೊದಿಕೆ ಹೊದಿಸಿ ಕಾಯುವುದೇ ಇವನ ಮುಖ್ಯ ಕೆಲಸ.

ಕೆ.ಆರ್. ನಗರದಲ್ಲಿ ಹೆಣ್ಣೂ ಗೊತ್ತಾಗಿತ್ತು. ಹುಡುಗಿಯ ಅಪ್ಪ ಮಾತ್ರ ಖಡಕ್ಕಾಗಿ, "ಕೆಲ್ಸ ಪರ್ಮನೆಂಟ್ ಆಗ್ಲಿ, ಅವತ್ತೇ ತಾಂಬೂಲ ಬದ್ಲಾಯ್ಸಣ" ಅಂದಿದ್ದರು. ಮೇಡಮ್ಮು ಮಾಡೋಣ ಅಂತ ಹೇಳಿಯೂ ಇದ್ದರು. ಅವರದು ಒಂದೇ ಕಾನೂನು. "ಕಾರಿನ ಮೇಲೆ ಗೀರು ಬೀಳಬಾರದು. ಬಿದ್ದರೆ, ಯಾರಿಂದ ಬಿತ್ತೋ ಅವರು ಮಾರನೇ ದಿನದಿಂದ ಕಾರಿನ ಹತ್ತಿರ ಬರೋ ಹಾಗಿಲ್ಲ." ಇವನ ಹಿಂದೆ ಇದ್ದ ಡ್ರೈವರನ್ನು ಅದೇ ಕಾನೂನಿನಲ್ಲಿ ಕಳಿಸಿದ್ದರು.

ಅವತ್ತು ಬೆಳಿಗ್ಗೆ ಭಾಮೈದ ಫೋನ್ ಮಾಡಿದ. "ಭಾವ, ಕಾರಿನ ಪಕ್ಕದಲ್ಲಿ ಗಾಳಿ ಓಗೋ ಕಿಂಡಿ ಐತಲ್ಲ, ಅದುಕ್ಕೆ ಅಂದ ಕಾಣ್ಲಿ ಅಂತ ಮೇಡಮ್ಮು ಫಾರಿನ್ನಿಂದ ಜಾಲರಿ ತರ್ಸವ್ರೆ. ಇವತ್ತು ಟ್ಯಾಕ್ಸೀಲಿ ಬತ್ತಾವ್ರೆ. ಒಳ್ಳೆ ಎಕ್ಸ್‌ಪರ್ಟ್ ಕೈಲಿ ಕೂರ್ಸು ಅಂದ್ರು. ಉಣ್ಸೂರಲ್ಲಿ ಒಬ್ರು ಅವ್ರೆ ಅಂದೆ."

"ಯಾರಪ್ಪ ಅದು?"

"ನೀವೇಯ. ಮೇಡಮ್ಮು ನಿಮ್ ಅಂಗ್ಡೀಗೇ ಬಂದು, ಜಾಲ್ರಿ ನೋಡಿ, ಅಲ್ಲಿಂದ ತಾವೇ ಕಾರ್ ಓಡ್ಸ್ಕೊಂಡು ಓಯ್ತಾರಂತೆ."

ನಾನು ಅಲ್ಲಿಯವರೆಗೆ ಕೈಯಿಟ್ಟ ಅತಿ ದುಬಾರಿ ಗಾಡಿ ಅಂದರೆ ಹಾಲಿನ ಡೇರಿಯ ವ್ಯಾನು.

ಹಂಪಿನ ಮುಂದೆ

ಕಾರು ಬರುವುದಕ್ಕೆ ಮುಂಚೆ ಸದ್ದು ಬಂತು. ಎದುರುಗಡೆ ಬೇಕರಿಯವರು, ಕೇರಳದವರು, ಗಾಜಿನ ಭರಣಿಗಳನ್ನೆಲ್ಲ ಎರಡೂ ಕೈಯಲ್ಲಿ ತಬ್ಬಿಕೊಂಡರು. ಆಮೇಲೆ ಕಾರು ಕಾಣಿಸಿತು. ನೆಲಕ್ಕೆ ಅಂಟಿಕೊಂಡ ಹಾಗೆ ಬಂದು, ನನ್ನ ಅಂಗಡಿಯ ಮುಂದಿನ ಹಂಪಿನ ಹತ್ತಿರ ಗಕ್ಕನೆ ನಿಂತಿತು.

ಆ ಹಂಪು ನಾವೇ ಎಬ್ಬಿಸಿದ್ದು. ಗಾಡಿಗಳು ಶರವೇಗದಲ್ಲಿ ಹೋಗುತ್ತವೆ ಅಂತ ಅಂಗಡಿಯವರೆಲ್ಲ ಸೇರಿ ಕಲ್ಲು, ಜಲ್ಲಿ, ಡಾಂಬರು ಸುರಿದಿದ್ದೆವು. ಉತ್ಸಾಹ ಹೆಚ್ಚಾಗಿ ಹಂಪೂ ಸ್ವಲ್ಪ ಹೆಚ್ಚಾಗಿತ್ತು. ಎಮ್ಮೆ ಕೂಡ ಅದನ್ನು ಯೋಚನೆ ಮಾಡಿ ದಾಟುತ್ತದೆ. ಈ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ನನ್ನ ಅಂಗೈ ತೂರುವಷ್ಟು ಜಾಗ ಇತ್ತು, ಅಷ್ಟೇ.

ಭಾಮೈದ ಗಾಜು ಇಳಿಸಿದ. ಮುಖದಲ್ಲಿ ರಕ್ತವೇ ಇಲ್ಲ. "ಭಾವ, ಒಟ್ಟೆ ತಗುಲ್ತು ಅಂದ್ರೆ ನನ್ ಮದ್ವೆ ಮುಗೀತು."

ಬೇಕರಿಯಿಂದ ಹಲಗೆ ತಂದೆವು. ಹಂಪಿನ ಎರಡೂ ಕಡೆ ಗೋಣಿಚೀಲ ಮಡಚಿಟ್ಟು ಹಲಗೆ ಹಾಸಿದೆವು. ಜನ ಸೇರಿದರು. ಕೆಲವರು ರಸ್ತೆಯಲ್ಲೇ ಬೋರಲು ಮಲಗಿ ಕಾರಿನ ಕೆಳಗೆ ಇಣುಕುತ್ತ, "ಬಾ ಬಾ ಬಾ... ಓಲ್ಡಾನ್!" ಅಂತ ಕಿರುಚಿದರು. ಕಾರು ಗೇಣಷ್ಟು ಮುಂದೆ ಬಂತು. "ತಗುಲ್ತದೆ, ತಗುಲ್ತದೆ!" ಅಂತ ಮಲಗಿದವರೆಲ್ಲ ಒಟ್ಟಿಗೆ ಅರಚಿದರು. ಕಾರು ನಿಂತಿತು.

ಟ್ರ್ಯಾಕ್ಟರಿಗೆ ಮಡ್‌ಫ್ಲಾಪ್ ಕೊಳ್ಳಲು ಬಂದಿದ್ದ ಗುರುಪುರದ ಒಬ್ಬ ಯಜಮಾನರು ಅಷ್ಟು ಹೊತ್ತು ಸುಮ್ಮನೆ ನೋಡುತ್ತಿದ್ದರು. ಹೊಗೆಸೊಪ್ಪು ಬೆಳೆಯುವವರು, ತಲೆಗೆ ಟವಲ್ ಸುತ್ತಿದವರು. ಅವರು ಮುಂದೆ ಬಂದು ಕೈ ಎತ್ತಿದರು. "ತಡೀರ್ಲಾ. ಬಸ್ಸು ಅಳ್ಳಕ್ಕೆ ಸಿಕ್ಕಾಕಂಡಾಗ ಏನ್ ಮಾಡೀವಿ? ಎಲ್ಲಾ ಇಳೀಬೇಕು. ಗಾಡಿ ಅಗುರಾಯ್ತದೆ, ಮ್ಯಾಲಕ್ಕೆ ಏಳ್ತದೆ."

ಮಾತು ಸರಿಯಾಗಿಯೇ ಇತ್ತು. ಎಲ್ಲರೂ ಹೌದು ಹೌದು ಅಂದರು. ಭಾಮೈದ ಇಂಜಿನ್ ಆಫ್ ಮಾಡಿದ, ಇಳಿದ, ಬಾಗಿಲು ಮೆತ್ತಗೆ ಹಾಕಿದ, ಬಂದು ನನ್ನ ಪಕ್ಕ ನಿಂತ. ಕಾರು ನಿಜವಾಗಿಯೂ ಒಂದು ಕೂದಲೆಳೆ ಮೇಲೆ ಎದ್ದಿತು. ಯಜಮಾನರು ಬಗ್ಗಿ ನೋಡಿ ತೃಪ್ತಿಪಟ್ಟರು.

"ಆಂ, ಈಗ ಸರ್‍ಯಾಯ್ತು. ತಗೀರಿ ಮುಂದ್ಕೆ."

ಎಲ್ಲರೂ ಕಾದೆವು. ಕಾರು ಯಾಕೆ ಹೊರಡುತ್ತಿಲ್ಲ ಅಂತ ಭಾಮೈದನೂ ನಮ್ಮ ಜೊತೆ ನಿಂತು ಕಾದ.

ಸ್ಟೀಲ್ ತಟ್ಟೆ

ಕೊನೆಗೆ ಇನ್ನೊಂದು ಹಲಗೆ ಸೇರಿಸಿ, ದೇವರ ಮೇಲೆ ಭಾರ ಹಾಕಿ ಕಾರನ್ನು ಒಳಗೆ ತಂದೆವು. ಹೊಟ್ಟೆ ತಗುಲಲಿಲ್ಲ. ಆದರೆ ನಿಜವಾದ ಕೆಲಸ ಇನ್ನು ಮೇಲಿತ್ತು.

ಬಾಗಿಲಿನ ಹಿಂದೆ, ಎರಡೂ ಪಕ್ಕಗಳಲ್ಲಿ, ಮೀನಿನ ಕಿವಿರಿನ ಹಾಗೆ ಒಂದೊಂದು ಕಿಂಡಿ. ಇಂಜಿನ್ ಇರುವುದು ಹಿಂದುಗಡೆ. ಅದಕ್ಕೆ ಗಾಳಿ ಹೋಗುವ ದಾರಿ ಇದು. ಡಬ್ಬಿಯಲ್ಲಿ ಕಪ್ಪು ಬಣ್ಣದ ಎರಡು ಜಾಲರಿ, ಒಂದಿಷ್ಟು ಕ್ಲಿಪ್ಪು, ಮತ್ತೆ ಒಂದು ಹಾಳೆ. ಹಾಳೆಯಲ್ಲಿ ಒಂದಕ್ಷರ ಇಲ್ಲ, ಬರೀ ಚಿತ್ರ. ಕೊನೆಯ ಚಿತ್ರದಲ್ಲಿ ಒಬ್ಬ ಜಾಲರಿಯನ್ನು ಹೊರಕ್ಕೆ ಎಳೆಯುತ್ತಿದ್ದಾನೆ, ಅವನ ಮೇಲೆ ದಪ್ಪನೆಯ ಕತ್ತರಿ ಗುರುತು. ಅಂದರೆ ಒಮ್ಮೆ ಟಕ್ ಅಂತ ಕೂತರೆ ಮುಗಿಯಿತು, ಕೀಳುವ ಹಾಗಿಲ್ಲ. ಕಿತ್ತರೆ ಜಾಲರಿ ಮುರಿಯುತ್ತದೆ.

ನಾನು ಕಿಂಡಿಯ ಸುತ್ತ ಅಂಗೈಯಗಲಕ್ಕೆ ಟೇಪ್ ಅಂಟಿಸಿದೆ. ಆಮೇಲೆ ಅಂಗಡಿಯಿಂದ ನನ್ನ ಊಟದ ಸ್ಟೀಲ್ ತಟ್ಟೆ ತಂದು ಸ್ಟೂಲಿನ ಮೇಲಿಟ್ಟೆ. "ಕಾರಿನ ಹತ್ರ ಬರೋರು ಮೈಮೇಲಿರೋ ಲೋಹ ಎಲ್ಲ ಈ ತಟ್ಟೆಗೆ ಹಾಕ್ಬೇಕು. ಉಂಗುರ, ವಾಚು, ಕೀಲಿಕೈ, ಎಲ್ಲ. ಗೀರು ಬೀಳೋದು ಇವುಗಳಿಂದಲೇ."

ನಾನೇ ಮೊದಲು ಮದುವೆ ಉಂಗುರ ಬಿಚ್ಚಿ ಹಾಕಿದೆ. ಬೇಕರಿಯವರು ವಾಚು ಹಾಕಿದರು. ಗುರುಪುರದ ಯಜಮಾನರು ಬಂದು ಕಿವಿಯಲ್ಲಿ ಪಿಸುಗುಟ್ಟಿದರು. "ನಂದು ಉಡ್ದಾರ ಬೆಳ್ಳೀದು ಕಣಪ್ಪ. ಅದ್ನೂ ಬಿಚ್ಬೇಕಾ?"

"ಬೇಡಿ ಯಜಮಾನ್ರೇ. ನೀವು ಒಂಚೂರು ದೂರ ನಿಂತ್ಕೊಳ್ಳಿ, ಸಾಕು."

ಭಾಮೈದ ಬೆಲ್ಟ್ ಬಿಚ್ಚಿ ತಟ್ಟೆಗೆ ಹಾಕಿದ. ಹಾಕಿದ ಮೇಲೆ ತೊಂದರೆ ಗೊತ್ತಾಯಿತು. ರೆಸಾರ್ಟಿನವರು ಕೊಟ್ಟಿದ್ದ ಯೂನಿಫಾರಂ ಪ್ಯಾಂಟು ಹಿಂದಿನ ಡ್ರೈವರಿನದು. ಆತ ನನ್ನ ಎರಡರಷ್ಟು ಇದ್ದನಂತೆ. ಇವನು ಸೋಫಾ ಬಿಟ್ಟ ಮೇಲೆ ಬಡಕಲಾಗಿದ್ದ. ಬೆಲ್ಟ್ ಹೋದ ಕ್ಷಣ ಪ್ಯಾಂಟು ಇಳಿಯಲು ಶುರುವಾಯಿತು. ಎಡಗೈಯಲ್ಲಿ ಸೊಂಟದ ಹತ್ತಿರ ಮುಷ್ಟಿ ಮಾಡಿ ಹಿಡಿದುಕೊಂಡ.

"ಬೆಲ್ಟ್ ಹಾಕ್ಕೊಂಡು ದೂರ ನಿಲ್ಲೋ" ಅಂದೆ.

"ಇಲ್ಲ ಭಾವ. ಕಾರು ಬುಟ್ಟು ನಾನ್ ದೂರ ಓಗಾಕಿಲ್ಲ. ಏನಾದ್ರೂ ಆದ್ರೆ?"

ಹೀಗೆ ನನ್ನ ಸಹಾಯಕನಿಗೆ ಉಳಿದದ್ದು ಒಂದೇ ಕೈ. ಅಷ್ಟರಲ್ಲಿ ಮೇಡಮ್ಮಿನ ಫೋನು. ಉಳಿದ ಕೈಯನ್ನೂ ಫೋನಿಗೆ ಕೊಟ್ಟ. ಸ್ಪೀಕರ್ ಜೋರಾಗಿತ್ತು, ಎಲ್ಲರಿಗೂ ಕೇಳಿಸಿತು.

"ನಾನು ಇಲವಾಲ ದಾಟಿದೆ. ಎಕ್ಸ್‌ಪರ್ಟ್ ಕೆಲಸ ಶುರು ಮಾಡಿದ್ರಾ?"

ಭಾಮೈದ ನನ್ನ ಕಡೆ ನೋಡಿದ. ನಾನು ಚಿತ್ರದ ಹಾಳೆಯನ್ನು ತಲೆಕೆಳಗು ಹಿಡಿದು ಅರ್ಥ ಮಾಡಿಕೊಳ್ಳುತ್ತಿದ್ದೆ.

"ಮಾಡ್ತಾ ಅವ್ರೆ ಮೇಡಮ್."

"ನೀನೇನು ಮಾಡ್ತಾ ಇದೀಯ? ಸುಮ್ಮನೆ ನಿಂತಿದೀಯಾ?"

"ಇಲ್ಲ ಮೇಡಮ್" ಅಂದ ಭಾಮೈದ, ಮುಷ್ಟಿ ಇನ್ನೂ ಬಿಗಿ ಮಾಡುತ್ತ. "ಬೆಳಿಗ್ಗೆಯಿಂದ ಗಟ್ಟಿಯಾಗಿ ಇಡ್ಕೊಂಡಿವ್ನಿ."

ಬಳೆಯಮ್ಮ

ಕ್ಲಿಪ್ಪುಗಳನ್ನು ಕಿಂಡಿಯ ಒಳಗಂಚಿಗೆ ಸಿಕ್ಕಿಸಬೇಕು. ಅದಕ್ಕೆ ಕೈಯನ್ನು ಕಿಂಡಿಯೊಳಗೆ ತೂರಿಸಲೇಬೇಕು. ಬಲಗಡೆ ಹೇಗೋ ಆಯಿತು. ಜಾಲರಿ ಟಕ್ ಅಂತ ಕೂತಿತು. ಭಾಮೈದನ ಮುಖಕ್ಕೆ ಒಂದಿಷ್ಟು ಬಣ್ಣ ಬಂತು.

ಎಡಗಡೆ ಕೊನೆಯ ಕ್ಲಿಪ್ಪು ಸಿಕ್ಕಿಸುತ್ತಿದ್ದಾಗ ಒಳಗೆ ಏನೋ ಮೆತ್ತಗೆ ನನ್ನ ಬೆರಳಿಗೆ ತಾಗಿತು. ಮೆತ್ತಗೆ, ಬೆಚ್ಚಗೆ. ಗಾಬರಿಯಲ್ಲಿ ಮುಷ್ಟಿ ಬಿಗಿದೆ, ಕೈ ಎಳೆದೆ. ಬರಲಿಲ್ಲ. ಮತ್ತೆ ಎಳೆದೆ. ಮುಂಗೈ ಗಂಟು ಕಿಂಡಿಯ ಅಂಚಿಗೆ ಸಿಕ್ಕಿಕೊಂಡಿತ್ತು.

"ಏನಾಯ್ತು ಭಾವ?"

"ಏನಿಲ್ಲ" ಅಂದೆ. ನೂರು ಜನದ ಮುಂದೆ, ಒಳಗೆ ಏನೋ ಮುಟ್ಟಿತು ಅಂತ ಹೇಳುವುದಕ್ಕೆ ನಾಚಿಕೆ. ಎಕ್ಸ್‌ಪರ್ಟ್ ಬೇರೆ ನಾನು.

ಸಲಹೆಗಳು ಶುರುವಾದವು. ಬೇಕರಿಯವರು ಡಾಲ್ಡಾ ತಂದರು. "ಹಚ್ಚಿ ಅಣ್ಣಾ, ಬಿಸ್ಕತ್ತು ಟ್ರೇ ಅಂಟಿದ್ರೂ ನಾವು ಇದೇ ಹಚ್ಚೋದು." ಹಚ್ಚಿದೆವು. ಕೈ ಘಮಘಮ ಅಂತು, ಬರಲಿಲ್ಲ. ಗುಂಪಿನಲ್ಲಿ ಯಾರೋ ಒಬ್ಬ ವೆಲ್ಡಿಂಗ್ ಅಂಗಡಿಯವನು ಗಂಭೀರವಾಗಿ, "ಇನ್ನೇನಿಲ್ಲ, ಕಟ್ ಮಾಡ್ಬೇಕಾಯ್ತದೆ" ಅಂದ.

"ಕಾರ್ ಮುಟ್ಬೇಡಿ!" ಅಂತ ಭಾಮೈದ ಚೀರಿದ.

ಕಾರು ಬೇಡ ಅಂದರೆ ಉಳಿದದ್ದು ಏನು ಅಂತ ಅವನೂ ಯೋಚಿಸಲಿಲ್ಲ, ಜನರೂ ಕೇಳಲಿಲ್ಲ. ನಾನು ಮಾತ್ರ ನನ್ನ ಮೊಣಕೈಯನ್ನು ನೋಡಿಕೊಂಡೆ. ಅಕ್ಕನ ಗಂಡನ ಮೇಲೆ ಇಷ್ಟೇನಾ ಇವನ ಪ್ರೀತಿ ಅಂತ ನಿಜವಾಗಿಯೂ ಸಂಕಟವಾಯಿತು.

ಆಗ ಬೇಕರಿಯ ಪಕ್ಕದ ಬಳೆ ಅಂಗಡಿಯ ಅಮ್ಮ ಜನರನ್ನು ಸರಿಸಿಕೊಂಡು ಬಂದರು. ಹುಣಸೂರಿನ ಅರ್ಧ ಮದುಮಕ್ಕಳಿಗೆ ಬಳೆ ತೊಡಿಸಿದ ಕೈ ಅವರದು. ತಮ್ಮ ಕೈಬಳೆಗಳನ್ನೆಲ್ಲ ತಟ್ಟೆಗೆ ಹಾಕಿ, ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕಿಂಡಿಯೊಳಗೆ ಎರಡು ಬೆರಳು ತೂರಿಸಿ ನನ್ನ ಕೈ ಹಿಡಿದರು.

"ಮುಷ್ಟಿ ಬುಡಿ ಸಾರ್."

"ಬಿಟ್ಟಿದೀನಿ ಕಣಮ್ಮ."

"ಬುಟ್ಟಿಲ್ಲ ನೀವು. ಮೈ ಸಡ್ಲ ಬುಡಿ. ಮದ್ವೆ ಎಣ್ಣುಗಳೂ ಇಂಗೇ ಎದ್ರೋದು. ನನ್ ಮಕ ನೋಡಿ, ಕೈ ನೋಡ್ಬೇಡಿ. ಮನೇಲಿ ಎಲ್ಲಾ ಸಂದಾಗವ್ರಾ?"

"ಹೂಂ, ಚೆನ್ನಾಗಿದಾರೆ" ಅನ್ನುವುದರೊಳಗೆ ಹೆಬ್ಬೆರಳಿನ ಬುಡವನ್ನು ಒಂದು ಥರ ಒತ್ತಿ, ತಿರುಗಿಸಿ, ಸರಕ್ಕನೆ ಎಳೆದರು. ಕೈ ಹೊರಗೆ ಬಂತು. ಟೇಪ್ ಕೂಡ ಅಲುಗಾಡಿರಲಿಲ್ಲ. ಜನ ಚಪ್ಪಾಳೆ ಹೊಡೆದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಅಮ್ಮ ಮಾತ್ರ ನನ್ನ ಕೈ ಬಿಡಲಿಲ್ಲ. ಡಾಲ್ಡಾ ಮೆತ್ತಿದ ಅಂಗೈಯನ್ನು ಅಮುಕಿ ಅಮುಕಿ ನೋಡಿ, ಅಭ್ಯಾಸಬಲದಿಂದ ಅಂದರು. "ಎರಡು ಎಂಟು ಅಳತೆ ಬಳೆ ಬೇಕಾಯ್ತದೆ. ಅಸ್ರು ಕೊಡ್ಲಾ, ಚುಕ್ಕೀದು ಕೊಡ್ಲಾ?"

ಹೊಗೆ

ಎಡಗಡೆ ಜಾಲರಿಯೂ ಟಕ್ ಅಂತ ಕೂತಿತು. ಎಷ್ಟು ಚೆಂದ ಕಾಣುತ್ತಿತ್ತು ಅಂದರೆ, ಕಾರು ಅದನ್ನು ಹಾಕಿಕೊಂಡೇ ಹುಟ್ಟಿತ್ತೇನೋ ಅನ್ನಿಸಿತು. ಒಂದು ಗೀರೂ ಇಲ್ಲ. ಭಾಮೈದ ಒಂದು ಕೈಯಿಂದ ನನ್ನನ್ನು ತಬ್ಬಿಕೊಂಡ.

ಅದೇ ಹೊತ್ತಿಗೆ ಹಾರನಹಳ್ಳಿಯಿಂದ ಬಸ್ಸಿನಲ್ಲಿ ನಮ್ಮ ಅತ್ತೆ, ಅಂದರೆ ಭಾಮೈದನ ಅಮ್ಮ, ಬಂದಿಳಿದರು. ಮಗ ಅಷ್ಟು ದೊಡ್ಡ ಕಾರಿಗೆ ಹೊಸದಾಗಿ ಏನೋ ಹಾಕಿಸುತ್ತಿದ್ದಾನೆ ಅಂತ ನನ್ನ ಹೆಂಡತಿ ಹೇಳಿದ್ದಳು. ನಮ್ಮ ಕಡೆ ಗಾಡಿಗೆ ಒಂದು ನಟ್ಟು ಹೊಸದು ಹಾಕಿದರೂ ಪೂಜೆ ಆಗದೆ ರಸ್ತೆಗೆ ಇಳಿಯುವುದಿಲ್ಲ. ಅತ್ತೆ ನಿಂಬೆಹಣ್ಣು, ತೆಂಗಿನಕಾಯಿ, ಕುಂಕುಮ, ಒಂದು ದಪ್ಪ ಕಟ್ಟು ಊದಿನಕಡ್ಡಿ ಎಲ್ಲ ತಂದಿದ್ದರು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಕುಂಕುಮ ಬಣ್ಣದ ಮೇಲೆ ಬೇಡ, ಟೈರಿಗೆ ಇಡಿ ಅಂತ ನಾನು ಕೈಮುಗಿದು ಬೇಡಿಕೊಂಡೆ.

ಆಗ ಕಾರಿನೊಳಗಿಂದ ಸದ್ದು ಬಂತು. ಕಿಚ್, ಕಿಚ್, ಕಿಚ್.

ಎಲ್ಲರೂ ಕಾರಿನ ಕಡೆ ಬಗ್ಗಿದೆವು. ಮತ್ತೆ ಕಿಚ್ ಕಿಚ್. ಎಡಗಡೆ ಜಾಲರಿಯ ಹಿಂದೆ ಎರಡು ಕಣ್ಣು ಮಿಂಚಿ ಮಾಯವಾದವು.

"ಅಳಿಲು ಭಾವ" ಅಂದ ಭಾಮೈದ. "ಶೆಡ್ನಲ್ಲಿ ಓಡಾಡ್ತಾ ಇತ್ತು. ದಿನಾ ಓಡಿಸ್ತಿದ್ದೆ. ಒಳ್ಗೆ ಸೇರ್ಕಂಡು ಇಲ್ಲೀಗಂಟ ಬಂದ್ಬುಟ್ಟದೆ."

ಆಗ ಗೊತ್ತಾಯಿತು ನನ್ನ ಬೆರಳಿಗೆ ತಾಗಿದ್ದು ಏನು ಅಂತ. ಜಾಲರಿ ಕೀಳುವ ಹಾಗಿಲ್ಲ, ಕಿತ್ತರೆ ಮುರಿಯುತ್ತದೆ. ಬಿಟ್ಟರೆ ಅದು ಒಳಗೆ ವೈರು ಕಡಿಯುತ್ತದೆ. ದಾರಿಯಲ್ಲಿ ಕಾಡಿನ ಅಂಚಿನಲ್ಲಿ ಮೇಡಮ್ಮಿನ ಕಾರು ನಿಂತರೆ ಇವನ ಕತೆ ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಮೇಡಮ್ಮಿನ ಫೋನು. "ಬಿಳಿಕೆರೆ ದಾಟಿದೆ." ಅದರ ಹಿಂದೆಯೇ ನನ್ನ ಹೆಂಡತಿಯ ಫೋನು. "ರೀ, ಅವನ ಕೆಲಸ ಏನಾದ್ರೂ ಹೋಯ್ತು ಅಂದ್ರೆ ಅವನೊಬ್ಬನೇ ಅಲ್ಲ, ನೀವೂ ಮನೆಗೆ ಬರ್ಬೇಡಿ." ಸೋಫಾದ ಮಾತು ಬಿಡಿ, ಆ ಹುಡುಗ ಬದುಕು ಕಟ್ಟಿಕೊಂಡದ್ದು ಈ ಕೆಲಸದ ಮೇಲೆ. ಅದು ನನ್ನ ಕೈಯಲ್ಲಿ ಹಾಳಾಗುವುದು ನನಗೆ ಬೇಕಿರಲಿಲ್ಲ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಇದುಕ್ಯಾಕೆ ಇಷ್ಟೊಂದ್ ಗಾಬ್ರಿ ಅಳೀಮಯ್ಯ? ಗದ್ದೆ ಬದೀಲಿ ಇಲಿ ಬಿಲ ಸೇರ್ಕಂಡ್ರೆ ಏನ್ ಮಾಡ್ತೀವಿ? ಈ ತೂತ್ನಲ್ಲಿ ಒಗೆ ಇಕ್ಕದು, ಆ ತೂತ್ನಲ್ಲಿ ಕಾಯದು."

"ಅತ್ತೆ, ಇದು ಪೆಟ್ರೋಲ್ ಗಾಡಿ!"

"ನಾನ್ ಒಗೆಸೊಪ್ಪು ಒಣಗ್ಸೋ ಬ್ಯಾರನ್‌ಗೆ ಬೆಂಕಿ ಆಕಿ ನಿಮ್ ಎಂಡ್ತೀನ ಸಾಕ್ದೋಳು. ಊದ್ಕಡ್ಡೀಗೆ ಎದ್ರುತೀನಾ?"

ನಾನು ಬೇಡ ಅನ್ನುವುದರೊಳಗೆ ಕಟ್ಟೇ ಹೊತ್ತಿಸಿ, ಜ್ವಾಲೆ ಊದಿ ಆರಿಸಿ, ಎಡಗಡೆ ಜಾಲರಿಯ ಸಣ್ಣ ಸಣ್ಣ ತೂತುಗಳಿಗೆ ಒಂದೊಂದೇ ಕಡ್ಡಿಯನ್ನು, ಹೊಗೆಯಾಡುವ ತುದಿ ಒಳಗಾಗುವ ಹಾಗೆ, ಸಿಕ್ಕಿಸಿದರು. ಅಳತೆ ತೆಗೆದು ಮಾಡಿದ ಹಾಗೆ ಕೂತವು. "ನೋಡಿ, ಇದುಕ್ಕೇ ಅಲ್ವಾ ತೂತ ಮಡಗಿರಾದು?" ಅಂದರು. ಭಾಮೈದ ಹಿಂದಿನ ಇಂಜಿನ್ ಮುಚ್ಚಳ ಎತ್ತಿದ. ಗುರುಪುರದ ಯಜಮಾನರು ಅಂಗಡಿಯ ಗೋಣಿಚೀಲಗಳನ್ನು ಹಂಚಿ, ಗದ್ದೆಯಲ್ಲಿ ನಿಲ್ಲಿಸುವ ಹಾಗೆ ಜನರನ್ನು ಸುತ್ತ ನಿಲ್ಲಿಸಿದರು. "ಕೋಲು ಯಾರೂ ಇಡೀಬೇಡಿ, ಬಣ್ಣ ಓಯ್ತದೆ. ಚೀಲ ಅಗಲಿಸ್ಕಂಡು ನಿಂತ್ಕಳಿ."

ಹಿಂದಿನಿಂದ ಬರಬೇಕಾದ ಹೊಗೆ ಬಲಗಡೆ ಜಾಲರಿಯಿಂದಲೂ ಬರತೊಡಗಿತು. ಆಮೇಲೆ ಎಲ್ಲಾ ಕಡೆಯಿಂದಲೂ. ಬೈಪಾಸಿನಲ್ಲಿ ಹೋಗುತ್ತಿದ್ದ ಬಸ್ಸೊಂದು ಗಕ್ಕನೆ ನಿಂತಿತು. ಕಂಡಕ್ಟರ್ ಬಾಗಿಲಿನಿಂದ ನೇತಾಡುತ್ತ, "ಬೆಂಕಿ ಬಿದ್ದೈತೇನ್ರೀ? ನೀರ್ ಉಯ್ಯಿರಿ!" ಅಂತ ಕೂಗಿದ.

"ಬೆಂಕಿ ಅಲ್ಲ ಕಣಪ್ಪ, ಪೂಜೆ" ಅಂದರು ಅತ್ತೆ. "ಬಾ, ಕುಂಕುಮ ಇಕ್ಕಂಡು ಓಗು."

ಕಂಡಕ್ಟರ್ ಇಳಿದು ಬಂದ, ಕುಂಕುಮ ಇಟ್ಟುಕೊಂಡ, ಹೊಗೆ ಬರುತ್ತಿದ್ದ ಕಾರಿಗೆ ಕಣ್ಣುಮುಚ್ಚಿ ಕೈಮುಗಿದ, ಸೀಟಿ ಊದಿದ. ಬಸ್ಸು ಹೊರಟಿತು. ಅದು ಸರಿದ ಜಾಗಕ್ಕೆ ಒಂದು ಟ್ಯಾಕ್ಸಿ ಬಂದು ನಿಂತಿತು.

ಗೀರು

ಮೇಡಮ್ ಇಳಿದರು. ಬೆಳ್ಳಗಿನ ಕೂದಲು, ಕಪ್ಪು ಕನ್ನಡಕ, ಟ್ಯಾಕ್ಸಿಯ ಬಾಗಿಲು ಹಾಕುವುದನ್ನೂ ಮರೆತು ನಿಂತುಬಿಟ್ಟ ಭಂಗಿ. ಅವರಿಗೆ ಕಂಡದ್ದು ಇಷ್ಟು. ತಮ್ಮ ಕೆಂಪು ಕಾರಿಗೆ ಅಲ್ಲಲ್ಲಿ ಬ್ಯಾಂಡೇಜಿನ ಹಾಗೆ ಟೇಪು. ಚಕ್ರದ ಕೆಳಗೆ ನಿಂಬೆಹಣ್ಣು. ಪಕ್ಕೆಯಲ್ಲಿ ಮುಳ್ಳುಹಂದಿಯ ಹಾಗೆ ಎದ್ದು ನಿಂತ ಊದಿನಕಡ್ಡಿಗಳು. ಮೈಯೆಲ್ಲ ಹೊಗೆ. ಸುತ್ತ ಗೋಣಿಚೀಲ ಅಗಲಿಸಿ ನಿಂತ ಗಂಡಸರು. ಮೊಣಕೈಯವರೆಗೆ ಡಾಲ್ಡಾ ಮೆತ್ತಿಕೊಂಡ ಎಕ್ಸ್‌ಪರ್ಟು. ಒಂದು ಕೈಯಲ್ಲಿ ಪ್ಯಾಂಟು ಹಿಡಿದ ಡ್ರೈವರು.

"ಏನಾಗ್ತಾ ಇದೆ ಇಲ್ಲಿ?"

ಉತ್ತರ ಕೊಟ್ಟದ್ದು ಅಳಿಲು. ಹಿಂದಿನ ಮುಚ್ಚಳದ ಸಂದಿಯಿಂದ ಬಾಣದ ಹಾಗೆ ಹಾರಿ, ಯಜಮಾನರ ತಲೆಯ ಟವಲಿನ ಮೇಲೆ ಬಿದ್ದು, ಅಲ್ಲಿಂದ ಒಂದು ಗೋಣಿಚೀಲ, ಅಲ್ಲಿಂದ ನೆಲ, ನೆಲದಿಂದ ನೆಟ್ಟಗೆ ತೆರೆದಿದ್ದ ಬಾಗಿಲಿನಲ್ಲಿ ಟ್ಯಾಕ್ಸಿಯೊಳಗೆ ಹೋಯಿತು. ಟ್ಯಾಕ್ಸಿಯವನು ಇನ್ನೊಂದು ಬಾಗಿಲಿನಿಂದ ಹೊರಗೆ ಬಂದ.

"ಅಳಿಲು ಮೇಡಮ್" ಅಂದ ಭಾಮೈದ, ಅಳುವ ಸ್ವರದಲ್ಲಿ.

"ರಾಮನ ಸೇವೆ ಮಾಡಿದ ಪ್ರಾಣಿ ಕಣವ್ವ, ಒಳ್ಳೇದೇ ಆಯ್ತದೆ" ಅಂದರು ಅತ್ತೆ.

ಮೇಡಮ್ ಊದಿನಕಡ್ಡಿಗಳನ್ನು ತೆಗೆಯಿರಿ ಅಂತ ಕೈಸನ್ನೆ ಮಾಡಿದರು. ಅತ್ತೆ ತೆಗೆದರು. ಟೇಪು ಅಂತ ಸನ್ನೆ ಮಾಡಿದರು. ಭಾಮೈದ ಒಂದೇ ಕೈಯಲ್ಲಿ, ಮಗುವಿನ ಗಾಯದ ಪಟ್ಟಿ ಬಿಚ್ಚುವ ಹಾಗೆ, ಟೇಪ್ ಬಿಚ್ಚಿದ. ಮೇಡಮ್ ಕಪ್ಪು ಕನ್ನಡಕ ತೆಗೆದು, ಓದುವ ಕನ್ನಡಕ ಹಾಕಿಕೊಂಡು ಬಗ್ಗಿದರು. ಬಾಗಿಲು ನೋಡಿದರು. ಬಾನೆಟ್ ನೋಡಿದರು. ಹೊಟ್ಟೆಯ ಅಂಚು ನೋಡಿದರು. ಒಂದು ಸುತ್ತು ಬಂದರು. ನನಗೆ ಆ ಒಂದು ಸುತ್ತು ಹುಣಸೂರಿನಿಂದ ಕೆ.ಆರ್. ನಗರಕ್ಕೆ ನಡೆದು ಹೋದಷ್ಟು ಉದ್ದವಾಯಿತು. ಭಾಮೈದ ಕಣ್ಣುಮುಚ್ಚಿ ನಿಂತಿದ್ದ.

"ಒಂದೂ ಗೀರಿಲ್ಲ" ಅಂದರು ಮೇಡಮ್.

ನಾವೆಲ್ಲ ಉಸಿರು ಬಿಟ್ಟ ಸದ್ದು ಬೇಕರಿಯವರೆಗೂ ಕೇಳಿಸಿರಬೇಕು.

"ಪರವಾಗಿಲ್ಲ. ಚೆನ್ನಾಗಿ ಕೂರಿಸಿದ್ದೀರ. ಈ ಅಂಚು ನೋಡಿ, ಎಷ್ಟು ನೀಟಾಗಿ..." ಅನ್ನುತ್ತ ಮೆಚ್ಚುಗೆಯಿಂದ ಜಾಲರಿಯ ಪಕ್ಕಕ್ಕೆ ಬೆರಳಿಟ್ಟು ಉದ್ದಕ್ಕೂ ಸವರಿದರು. ಬೆರಳಿನಲ್ಲಿ ದೊಡ್ಡದೊಂದು ಹರಳಿನ ಉಂಗುರ ಇತ್ತು.

ಕರ್‍ರ್‍ರ್.

ಗೀರು ಬಿತ್ತು. ಕಿರುಬೆರಳುದ್ದ. ಕೆಂಪಿನ ಮೇಲೆ ಬೆಳ್ಳಗೆ, ಎದ್ದು ಕಾಣುವ ಹಾಗೆ.

ಮೇಡಮ್ ಬೆರಳನ್ನು ಹಾಗೇ ಹಿಡಿದು ಗೀರನ್ನು ನೋಡುತ್ತಿದ್ದರು. ಮುಖ ಕಾರಿನಷ್ಟೇ ಕೆಂಪಗಾಯಿತು. ದೊಡ್ಡವರ ತಪ್ಪು ಸಣ್ಣವರ ತಲೆಯ ಮೇಲೇ ಬೀಳುವುದು ಲೋಕರೂಢಿ. ತಾಂಬೂಲದ ತಟ್ಟೆ ಕೆ.ಆರ್. ನಗರದಲ್ಲೇ ಉಳಿಯಿತು ಅಂತ ನಾನು ತೀರ್ಮಾನಿಸಿದೆ.

ಅತ್ತೆ ಮಾತ್ರ ಏನೋ ಲೆಕ್ಕ ಹಾಕುತ್ತಿದ್ದರು. ಆಮೇಲೆ ಕೇಳಿದರು, ಕುಚೋದ್ಯದಿಂದಲ್ಲ, ನಿಜವಾದ ಕಾಳಜಿಯಿಂದ.

"ಅಲ್ಲ ಕಣ್ಲಾ ಮಗ, ಗೀರು ಯಾರಿಂದ ಬಿತ್ತೋ ಅವ್ರು ನಾಳಿಂದ ಕಾರ್ ತಾವ್ಕೆ ಬರೋ ಅಂಗಿಲ್ಲ ಅಂದಿದ್ಯಲ್ಲ. ಅಂಗಾರೆ ಪಾಪ, ಈ ಅವ್ವಾರು ನಾಳಿಂದ ಎಂಗೆ ಓಡಾಡ್ತಾರೆ?"

ನಾನು ಕಣ್ಣುಮುಚ್ಚಿದೆ. ಭಾಮೈದ, "ಅವ್ವಾ, ಸುಮ್ಕಿರವ್ವಾ" ಅಂತ ಗೋಗರೆದ. ಅತ್ತೆ ಸುಮ್ಮನಿರುವ ಜಾತಿಯಲ್ಲ. ಮೇಡಮ್ಮಿನ ಹತ್ತಿರ ಹೋಗಿ ಗೀರನ್ನು ಬೆರಳಿನಿಂದ ಮುಟ್ಟಿ, ಮಗುವಿನ ಕೆನ್ನೆ ಸವರಿದ ಹಾಗೆ ಸವರಿ, ಬೆರಳುಗಳನ್ನು ತಮ್ಮ ಹಣೆಯ ಪಕ್ಕಕ್ಕೆ ಒತ್ತಿ ಲಟಲಟ ಲಟಿಕೆ ಮುರಿದರು.

"ಬುಡವ್ವ, ಬೇಜಾರ್ ಮಾಡ್ಕಬೇಡ. ಇಷ್ಟ್ ಚೆಂದಾಗಿರೋದನ್ನ ಒಂದ್ ದೃಷ್ಟಿಬೊಟ್ಟು ಇಲ್ದೆ ಬೀದಿಗೆ ಬುಡ್ತಾರಾ? ಕೂಸ್ಗೆ ತಾಯೇ ಬೊಟ್ಟು ಇಕ್ಕಬೇಕು. ಬ್ಯಾರೇರ್ ಇಕ್ಕಿದ್ರೆ ತಪ್ಪು. ನೀನೇ ಇಕ್ಕಿದೀಯ. ಬೋ ಒಳ್ಳೇದಾಯ್ತು."

ಮೇಡಮ್ ಅತ್ತೆಯನ್ನು ನೋಡಿದರು. ಗೀರನ್ನು ನೋಡಿದರು. ನಾನು ಆಗ ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ, ಬೆಳಿಗ್ಗೆಯಿಂದ ಎಲ್ಲರಿಗೂ ತಟ್ಟೆ ತೋರಿಸಿ ತೋರಿಸಿ ಅಭ್ಯಾಸವಾಗಿತ್ತು. ಸ್ಟೀಲ್ ತಟ್ಟೆ ಎತ್ತಿ ಅವರ ಮುಂದೆ ಹಿಡಿದೆ. ಅದರಲ್ಲಿ ನನ್ನ ಮದುವೆ ಉಂಗುರ, ಬೇಕರಿಯವರ ವಾಚು, ಬಳೆಯಮ್ಮನ ಬಳೆಗಳು, ಎಲ್ಲದರ ಮೇಲೆ ಸುರುಳಿ ಸುತ್ತಿಕೊಂಡ ಭಾಮೈದನ ಬೆಲ್ಟು.

"ಇದೇನು?"

"ಗೀರು ಬೀಳಬಾರದು ಅಂತ ಮೇಡಮ್, ಎಲ್ಲರೂ ಬಿಚ್ಚಿ ಹಾಕಿದೀವಿ."

ಮೇಡಮ್ ಬೆಲ್ಟ್ ನೋಡಿದರು. ಆಮೇಲೆ ಡ್ರೈವರಿನ ಮುಷ್ಟಿ ನೋಡಿದರು. "ಅಂದ್ರೆ ನೀನು ಬೆಳಿಗ್ಗೆಯಿಂದ ಹೀಗೇ ನಿಂತಿದೀಯಾ?"

"ಹೂಂ ಮೇಡಮ್. ಫೋನ್ನಲ್ಲಿ ಏಳಿದ್ನಲ್ಲ."

ಮೇಡಮ್ಮಿನ ತುಟಿ ಅದುರಿತು. ಮೊದಲು ಕೋಪ ಅಂದುಕೊಂಡೆವು. ಅದು ನಗು. ಬಂದದ್ದು ನಿಲ್ಲಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಹರಳಿನ ಉಂಗುರ ಬಿಚ್ಚಿ, ಠಣ್ ಅಂತ ತಟ್ಟೆಗೆ ಹಾಕಿದರು.

"ನಾಳೆ ಬೆಳಿಗ್ಗೆ ಆಫೀಸಿಗೆ ಬಾ. ನಿನ್ನ ಕೆಲಸ ಪರ್ಮನೆಂಟ್ ಮಾಡ್ತೀನಿ."

ಭಾಮೈದನಿಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಮುಖ ಅರಳಿತು, ಕಣ್ಣು ತುಂಬಿತು. ಬೇಕರಿಯವರು, ಬಳೆಯಮ್ಮ, ಯಜಮಾನರು, ಗೋಣಿಚೀಲದ ಗಂಡಸರು, ಇಡೀ ಹುಣಸೂರು ನೋಡುತ್ತಿದ್ದ ಹಾಗೆ, ಮೇಡಮ್ಮಿನ ಎದುರು ತಲೆಬಾಗಿ, ಭಕ್ತಿಯಿಂದ ಎರಡೂ ಕೈ ಎತ್ತಿ ಜೋಡಿಸಿದ.

"ಲೇ, ಲೇ, ಒಂದ್ ಕೈಲಿ ಮುಗೀಲಾ!" ಅಂತ ಅತ್ತೆ ಕೂಗಿದರು. ಕೂಗಿದ್ದು ತಡವಾಗಿತ್ತು.